ಎರಡು ಇಡ್ಲಿ, ನಾಲ್ಕು ಇಡ್ಲಿ

ಮಗಳಿಗೆ ಆಗ ಏಳು ವರ್ಷ. ವಾರದಿಂದ ಕಾಡುತ್ತಿದ್ದ ನೆಗಡಿಯ ಮೇಲೆ ಜ್ವರ ಬಂದು ಎಡಗಣ್ಣು ಊದಿಕೊಂಡಿತ್ತು. ಡೊಂಬಿವಲಿಯ ಮನೆಯಲ್ಲಿ ತಿಂಡಿ ತಟ್ಟೆಯ ಮುಂದೆ ಕೂತವಳು, "ಪಪ್ಪಾ, ದೋ ದೋ ದಿಖ್ ರಹಾ ಹೈ," ಎಂದಳು. ಎಲ್ಲವೂ ಎರಡೆರಡು ಕಾಣುತ್ತಿದೆಯಂತೆ. ಅವತ್ತು ಶಾಲೆಯಲ್ಲಿ ಪರೀಕ್ಷೆಯಿತ್ತು. ರಬಾಳೆಯ ನಮ್ಮ ಹೋಟೆಲಿನಲ್ಲಿ ರಜೆ ಕೇಳುವವರ ನೆವಗಳನ್ನು ದಿನವೂ ಕೇಳುವವನು ನಾನು. "ಒಳ್ಳೇದೇ ಆಯ್ತಲ್ಲ ಮಾರಾಯ್ತಿ, ಎರಡು ಇಡ್ಲಿ ಹಾಕಿದ್ರೆ ನಾಲ್ಕು ಸಿಕ್ತು," ಎಂದು ನಕ್ಕು ಶಾಲೆಗೆ ಕಳಿಸಿದೆ. ಅವಳೂ ನಕ್ಕಳು ಎಂದು ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಎರಡು ದಿನ ಕಳೆದು ಥಾಣೆಯ ಆಸ್ಪತ್ರೆಗೆ ಕರೆದೊಯ್ದಾಗ ಕಣ್ಣಿನ ಡಾಕ್ಟರು ಕೇಳಿದರು: "ಎರಡೆರಡು ಕಾಣ್ತದೆ ಅಂದಿದ್ದಳಾ?"

"ಇಲ್ಲ," ಎಂದೆ. ಹೌದೆಂದರೆ, ಯಾವಾಗಿನಿಂದ ಎಂದು ಕೇಳುತ್ತಿದ್ದರು.

ಅವರು ಮಗಳನ್ನೇ ಕೇಳಿದರು. ಅವಳು ನನ್ನ ಮುಖ ನೋಡಿ, "ನಹೀ," ಎಂದಳು.

ಡಾಕ್ಟರು ಊದಿದ ರೆಪ್ಪೆಯನ್ನು ಎತ್ತಿ, ಅವಳ ಮುಂದೆ ಪೆನ್ನನ್ನು ಪಕ್ಕಕ್ಕೆ ಸರಿಸಿದರು. ಬಲಗಣ್ಣು ಪೆನ್ನಿನ ಹಿಂದೆ ಹೋಯಿತು. ಎಡಗಣ್ಣು ಇದ್ದಲ್ಲೇ ನಿಂತಿತು. ಮೂಗಿನ ಪಕ್ಕದ ಸೋಂಕು ಕಣ್ಣಿನ ಗೂಡಿಗೆ ಹಬ್ಬಿದಂತಿದೆ, ತಡವಾದರೆ ದೃಷ್ಟಿಯೇ ಹೋಗಬಹುದು, ಈಗಲೇ ದಾಖಲು ಮಾಡಿ ಸ್ಕ್ಯಾನ್ ತೆಗೆಸಬೇಕು ಎಂದರು.

ಸಲೈನಿನ ಜೊತೆ ದಿನಗಟ್ಟಲೆ ಔಷಧಿ ಹೋಯಿತು. ಎಡಗಣ್ಣು ಮತ್ತೆ ಅತ್ತಿತ್ತ ಆಡತೊಡಗಿತು, ದೃಷ್ಟಿ ಉಳಿಯಿತು.

ನೆಂಟರೆದುರು ಈ ಕಥೆ ಹೇಳುವಾಗ, ಡಾಕ್ಟರು ಕೇಳಿದ ಕೂಡಲೇ ಹೌದೆಂದೆ ಎನ್ನುತ್ತೇನೆ. ಪಕ್ಕದಲ್ಲಿ ಕೂತ ಮಗಳು ನನ್ನ ಮುಖ ನೋಡಿ, ಹೌದೆಂದು ತಲೆಯಾಡಿಸುತ್ತಾಳೆ.