ತಲೆ ನೆನೆಯದ ಈಜು

ಆ ವರ್ಷದ ಕೆರೆಯ ಈಜುಪಂದ್ಯ ಗೆದ್ದರೆ ಭಾವನಿಗೆ ಹೈಸ್ಕೂಲಿನಲ್ಲಿ ಈಜು ಮೇಷ್ಟರ ಕೆಲಸ. ಸೋತರೆ ಲಕ್ಷ್ಮೀಪುರಂ ವಕೀಲರ ಮನೆಯಲ್ಲಿ ನಕಲು ಬರೆಯುವುದೇ ಗತಿ. ಹಿಂದಿನ ಪಂದ್ಯಗಳನ್ನೆಲ್ಲ ಗೆದ್ದವರು ಭಾವನೇ. ಆದರೆ ಆ ಸಲ ಅಕ್ಕ ಬಸುರಿ. ಬಸುರಿಯ ಗಂಡ ಕ್ಷೌರ ಮಾಡಿಸಬಾರದು, ಸಮುದ್ರಸ್ನಾನ ಮಾಡಬಾರದು, ಮಗುವಿಗೆ ಕೇಡು ಎಂಬುದು ನಮ್ಮಜ್ಜಿಯ ಕಾನೂನು. ಭಾವನ ಗಡ್ಡ ಆಗಲೇ ಎದೆ ಮುಟ್ಟುತ್ತಿತ್ತು.

ನಾನೋ, ಕಾಲೇಜಿನ ಚರ್ಚಾಕೂಟದಲ್ಲಿ ದೇವರನ್ನೇ ಸೋಲಿಸಿ ಬಂದವನು. ಅಜ್ಜಿ ಯಾವ ಲೆಕ್ಕ?

“ಅಜ್ಜಿ, ಅದು ಕೆರೆ. ಸಮುದ್ರ ಅಲ್ಲ.”

“ನೀನು ಸಮುದ್ರ ನೋಡಿದ್ದೀಯೇನೋ?”

“ಇಲ್ಲ.”

“ನೋಡದೇ ಇರೋದನ್ನ ಇದಲ್ಲ ಅಂತ ಹೇಗೋ ಹೇಳ್ತೀಯ? ದೇವರ ವಿಷಯದಲ್ಲಿ ಕಂಡರೇ ನಂಬೋದು ಅಂತ ಕುಣೀತಿದ್ದೆಯಲ್ಲ!”

ಇಂಥ ಏಟನ್ನು ಕಾಲೇಜಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಆದರೂ ಬಿಡಲಿಲ್ಲ. ತಲೆಗೆ ನೀರು ಬೀಳದಿದ್ದರೆ ಅದು ಸ್ನಾನವೇ ಅಲ್ಲವೆಂದು ಹಬ್ಬಹಬ್ಬಕ್ಕೂ ನನ್ನನ್ನು ಬಚ್ಚಲಿಗೆ ವಾಪಸು ಅಟ್ಟುವವರು ಇದೇ ಅಜ್ಜಿ. ಹಾಗಿದ್ದಮೇಲೆ ತಲೆ ನೆನೆಸದೆ ಈಜಿದರೆ ಯಾವ ಸಮುದ್ರದಲ್ಲೂ ಸ್ನಾನವಾಗದಷ್ಟೆ ಎಂದು ವಾದ ಹೂಡಿದೆ.

ಅಜ್ಜಿ ಯೋಚಿಸಿ, “ಹಾಗಾದರೆ ಈಜಲಿ, ತಲೆ ನೆನೀಬಾರದು” ಎಂದರು.

ಭಾವ ಬಿಳುಚಿಕೊಂಡರು. “ಏನಯ್ಯ ಮಾಡ್ಬುಟ್ಟೆ? ಮುಖ ಮುಳುಗಿಸದೆ ಪಂದ್ಯ ಗೆಲ್ಲೋಕಾಗುತ್ತಾ?”

ಪಂದ್ಯದ ದಿನ ಅಜ್ಜಿ ಜಟಕಾದಲ್ಲಿ ಕೆರೆಗೇ ಬಂದು, ಭಾವನ ತಲೆಗೆ ಮದುವೆಯ ಜರಿಪೇಟ ಕಟ್ಟಿಸಿದರು. ಪೇಟ ಒಣಗಿದ್ದರೆ ಸ್ನಾನವಾಗಿಲ್ಲವೆಂದು ಲೆಕ್ಕ. ಭಾವ ಕತ್ತು ಎತ್ತಿಕೊಂಡು, ದರ್ಬಾರಿಗೆ ಹೊರಟವರಂತೆ ನೀರಿನಲ್ಲಿ ಸಾಗಿದರು.

“ಬುದ್ಧೀ, ಆನೆ ಎಲ್ಲಿ ಬುಟ್ರಿ?” ಎಂದು ದಡದಿಂದ ಯಾರೋ ಕೂಗಿದರು.

ಉಳಿದವರು ಬಟ್ಟೆ ಬದಲಿಸಿ ಕಾಫಿ ಕುಡಿಯುತ್ತಿದ್ದಾಗ ಭಾವ ದಡ ಮುಟ್ಟಿದರು. ಅಜ್ಜಿ ಪೇಟ ಹಿಸುಕಿ ನೋಡಿದರು. “ಒಣಗೇ ಇದೆ.” ಗಡ್ಡದಿಂದ ನೀರು ಸುರಿಯುತ್ತಿತ್ತು, ಗಡ್ಡ ತಲೆಗೆ ಸೇರಿದ್ದಲ್ಲವೆಂದು ಅವರೇ ತೀರ್ಪು ಕೊಟ್ಟರು.

ಕೆಲಸ ಕೈತಪ್ಪಿತೆಂದು ಭಾವ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಆಗ ಹೈಸ್ಕೂಲಿನ ಹೆಡ್‌ಮಾಸ್ಟರು ಓಡೋಡಿ ಬಂದರು.

“ನೆಗಡಿ ಆಗುತ್ತೆ ಅಂತ ಯಾವ ತಾಯೀನೂ ಮಕ್ಕಳನ್ನ ಈಜಿಗೆ ಕಳಿಸೋದಿಲ್ಲ ಕಣ್ರೀ. ತಲೆ ನೆನೆಯದ ಈಜು ಗೊತ್ತಿರೋದು ನಿಮಗೊಬ್ಬರಿಗೇ. ಸೋಮವಾರ ಬಂದ್ಬುಡಿ. ಪೇಟ ಮರೀಬೇಡಿ.”

ಭಾವ ಮತ್ತೆಂದೂ ಪಂದ್ಯಕ್ಕಿಳಿಯಲಿಲ್ಲ. ಮಗು ಹುಟ್ಟಿತು, ಗಡ್ಡ ಹೋಯಿತು, ಪೇಟ ಉಳಿಯಿತು. ಅವರ ಶಿಷ್ಯರು ಈವರೆಗೆ ಒಂದು ಪಂದ್ಯವನ್ನೂ ಗೆದ್ದಿಲ್ಲ, ಒಬ್ಬನಿಗೂ ನೆಗಡಿಯಾಗಿಲ್ಲ. ತಲೆ ನೆನೆದರೆ ನೆಗಡಿ ಎಂಬುದು ಶುದ್ಧ ಮೂಢನಂಬಿಕೆಯೆಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಸಾಧಿಸಬಲ್ಲೆ. ಆದರೆ ನಾನು ಗೆದ್ದರೆ ಭಾವನ ಕೆಲಸ ಹೋಗುತ್ತದೆ. ಆ ಒಂದು ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದೇನೆ.