ರಸ್ತೆಗೆ ದಾರಿ ಬಿಡದ ಕಲ್ಲು

ಗಡಿಯಾಚೆಯ ಮಂದ್ರೂಪ ದಾಟಿದ ಮೇಲೆ ಜೋಳದ ಹೊಲಗಳ ನಡುವೆ ನೂಲು ಹಿಡಿದಂತೆ ಸಾಗುವ ರಸ್ತೆ ಒಂದು ಕಡೆ ಮಾತ್ರ ತಟ್ಟನೆ ಬಾಗುತ್ತದೆ. ಆ ತಿರುವಿನಲ್ಲಿ ಎದೆಯೆತ್ತರದ ಶಾಸನದ ಕಲ್ಲೊಂದು ನಿಂತಿದೆ. ಇವತ್ತು ಎಳ್ಳಮಾವಾಸ್ಯೆ. ಹೊಲದೊಡತಿ ಗಂಗಾಬಾಯಿ ಭೂತಾಯಿಗೆಂದು ಅಡುಗೆಯ ಚರಗವನ್ನು ಬೆಳೆಗೆ ಚೆಲ್ಲುವ ಮೊದಲು ಈ ಕಲ್ಲಿಗೆ ಸಜ್ಜೆ ರೊಟ್ಟಿ, ಭಜ್ಜಿ ಎಡೆಯಿಟ್ಟು ಕೈಮುಗಿದರು.

"ನಾ ಕಲತದ್ದು ಮರಾಠಿ ಸಾಲ್ಯಾಗ. ನೀವು ಮೈಸೂರು ಕಡಿಯವ್ರು, ಓದ್ರಿ ನೋಡೂಣು," ಎಂದರು.

ನಾನು ಠೀವಿಯಿಂದ ಕನ್ನಡಕ ಒರೆಸಿಕೊಂಡು ಮಂಡಿಯೂರಿದೆ. ಹಳೆಯ ಕಾಲದ ಕನ್ನಡ ಲಿಪಿ. 'ಸ್ವಸ್ತಿ' ಎಂಬಲ್ಲಿಗೇ ನನ್ನ ಪಾಂಡಿತ್ಯ ಮುಗಿಯಿತು.

ಅವರು ನಕ್ಕು ಕಲ್ಲಿನ ತುದಿಯಲ್ಲಿದ್ದ ಸೂರ್ಯ, ಚಂದ್ರ, ಕರುವಿಗೆ ಹಾಲೂಡಿಸುವ ಆಕಳ ಮೇಲೆ ಬೆರಳಾಡಿಸಿದರು.

"ಇಷ್ಟ ಸಾಕ್ರಿ ಸರ. ಸೂರ್ಯಾ ಚಂದ್ರಾ ಇರೂತನಕಾ ಕೊಟ್ಟ ಭೂಮಿ ಕೊಟ್ಟಂಗ. ತಪ್ಪಿದವಗ ಆಕಳಾ ಕೊಂದ ಪಾಪ. ಓದಾಕ ಬರಲಾರದ ನಮ್ಮಂಥವ್ರ ಸಲುವಾಗೇ ಚಿತ್ರ ಕಡದಾರ."

"ರಸ್ತೆ ಮಾಡುವಾಗ ಯಾರೂ ಇದನ್ನು ಕೀಳಲಿಲ್ಲವೇ?"

"ಮಶೀನ ತಗೊಂಡ ಬಂದಿದ್ರು. ನಾ ಅಡ್ಡ ನಿಂತೆ. ರಸ್ತಾ ಬಗ್ಗಿಸಾಕ ಜಾಗಾ ಎಲ್ಲೈತಿ ಅಂದ್ರು. ನನ್ನ ಹೊಲದಾಗ ತಗೋರಿ ಅಂದೆ."

ತಿರುವಿನ ಆಚೆ ನೋಡಿದೆ. ಡಾಂಬರು ಹಾಸಿದ್ದು ಅವರದೇ ಎರೆಮಣ್ಣಿನ ಮೇಲೆ.

"ಹಾಗಾದರೆ ಭೂಮಿ ಕೊಟ್ಟ ನಿಮ್ಮ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಬೇಕು, ಅಮ್ಮಾ."

ಗಂಗಾಬಾಯಿ ಸೆರಗು ಬಿಗಿದು, ಚರಗದ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡರು.

"ಕೆತ್ತಿಸಿ ಏನ ಮಾಡೂದ್ರಿ? ನಿಮಗ ಓದಾಕ ಬರಬೇಕಲ್ಲ!"