ಬರೇ ಪಿಟೀಲು

ಇಳಕಲ್ಲಿನ ಶಂಭು ನಾಟಕ ಕಂಪನಿಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವವನು. ಅವನ ಮೇಳದಲ್ಲಿ ಪಿಟೀಲಿನವರಿಲ್ಲ, ಕೊಳಲಿನವರಿಲ್ಲ; ಇರುವುದು ಒಂದು ಕೀಬೋರ್ಡು, ಒಂದು ಕಂಪ್ಯೂಟರು. ಪರದೇಶದ ದೊಡ್ಡ ವಾದ್ಯಮೇಳಗಳನ್ನು ಒಂದೊಂದೇ ಸ್ವರವಾಗಿ ಧ್ವನಿಮುದ್ರಿಸಿ, ಕಂಪ್ಯೂಟರಿನಲ್ಲಿ ನುಡಿಸಲು ಮಾರುವ ಕಂಪನಿಗಳಿವೆಯಲ್ಲ, ಅವರ ಗಿರಾಕಿ ಅವನು. ಅವರನ್ನು ಅವನಷ್ಟು ಬೈದವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ಬೈಯದೆ ಏನು ಮಾಡಬೇಕು? ಬೆಳಗಾದರೆ ಒಂದು ಇಮೇಲ್: "ದೊಡ್ಡದೊಂದು ಬರುತ್ತಿದೆ." ಏನು ಬರುತ್ತಿದೆ ಎಂದು ಬಾಯಿಬಿಟ್ಟು ಹೇಳುವವ ಒಬ್ಬನೂ ಇಲ್ಲ. ಹೋದ ವರ್ಷ "ಇನ್ನು ನಿಮಗೆ ಬೇರೆ ಪಿಟೀಲೇ ಬೇಡ" ಎಂದವರು ಈ ವರ್ಷ ಬೇರೆ ಪಿಟೀಲು ಹಿಡಿದು ನಿಂತಿರುತ್ತಾರೆ, ನಾಚಿಕೆಯಿಲ್ಲದೆ. ಎದುರಾಳಿಯ ಹೆಸರೆತ್ತದೆ "ಕೆಲವರ ಹಳೇ ಸರಕು" ಎಂದು ಚುಚ್ಚುತ್ತಾರೆ. ಗಿರಾಕಿಗಳ ಚರ್ಚಾಪುಟದಲ್ಲಿ ತಪ್ಪು ತೋರಿಸಿದರೆ, "ನಿಮ್ಮ ಅಭಿಮಾನಕ್ಕೆ ಧನ್ಯವಾದ" ಎಂದು ಚರ್ಚೆಯನ್ನೇ ಮುಚ್ಚುತ್ತಾರೆ.

ಶಂಭುವಿನ ತಾಯಿ ಶಿವಲಿಂಗವ್ವ ಸೀರೆ ಮಾರುವವಳು. ಅವಳ ಅಂಗಡಿಗೆ ಬಂದವರು ಮೊದಲು ಸೀರೆ ತಿರುವಿ, ಸೆರಗು ಸೀರೆಯ ಒಡಲಿಗೆ ಕೂಡುವ ಕೊಂಡಿ ನೋಡುತ್ತಾರೆ. ಅದೇ ರೂಢಿಯಲ್ಲಿ ಶಂಭು ಒಂದು ಕಂಪನಿಗೆ ಬರೆದ: ಡ್ರಮ್ಮು, ಪ್ರತಿಧ್ವನಿ ಎಲ್ಲ ತೆಗೆದು ಬರಿಯ ಪಿಟೀಲು ಕೇಳಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಜಾರುತ್ತದೆ ನೋಡಬೇಕು.

"ಎಲ್ಲ ಕೂಡಿ ಕೇಳಿದರೇ ಅದರ ಸೊಗಸು ತಿಳಿಯುವುದು" ಎಂದು ಉತ್ತರ ಬಂತು.

"ಕಳ್ಳ ನನ್ನ ಮಕ್ಕಳು," ಎಂದು ಉಗಿದ. ಉಗಿದೂ ಅದನ್ನೇ ಕೊಂಡ. ಬಾದಾಮಿಯ ನಾಟಕ ಕಂಪನಿಯ ತಾಲೀಮು ಹತ್ತಿರ ಬಂದಿತ್ತು. ಅಲ್ಲಿಯ ಹಿರಿಯ ನಟಿ ಇಂದ್ರವ್ವ ಒಪ್ಪಿದರೆ ಮಾತ್ರ ಇಡೀ ಹಂಗಾಮಿನ ಕೆಲಸ ಅವನದು. ಅವಳು ಕೇಳಿದ್ದು ಒಂದೇ: ನಾಟಕದಲ್ಲಿ ಮಗನ ಹೆಣದ ಮುಂದೆ ತಾನು ಅಳುವಾಗ ಜೊತೆಗೆ ಅಳುವ ಪಿಟೀಲು.

ಕೊಂಡು ತಂದ ಪಿಟೀಲು ಜಾರುವಲ್ಲಿ ಎಡವುತ್ತಿತ್ತು. ಶಂಭು ಅದರ ಮೇಲೆ ಡ್ರಮ್ಮು ಹೇರಿದ, ಪ್ರತಿಧ್ವನಿ ಸುರಿದ. ಎಡವಿದ್ದು ಕೇಳದಂತಾಯಿತು.

ತಾಲೀಮಿನಲ್ಲಿ ಇಂದ್ರವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಭಾಳ ಗದ್ಲ ಐತಿ. ಉಳದದ್ದೆಲ್ಲಾ ತಗದು ಬರೇ ಪಿಟೀಲ ಕೇಳಸೋ ಶಂಭು."

"ಎಲ್ಲಾ ಕೂಡಿ ಕೇಳಿದ್ರನ ಅದರ ಸೊಗಸ ತಿಳಿತೈತ್ರಿ," ಎಂದುಬಿಟ್ಟ. ಆ ಮಾತು ಯಾರದೆಂದು ಆಮೇಲೆ ನೆನಪಾಯಿತು. ಥೂ, ಎಂದು ತನಗೆ ತಾನೇ ಹೇಳಿಕೊಂಡ.

"ನಿಮ್ಮವ್ವ ನನಗ ಎಷ್ಟ ಸೀರಿ ತಿರುವಿ ತೋರ್ಸ್ಯಾಳ. ನೀ ಯಾಕ ಅಂಜ್ತಿ?"

ಶಂಭು ಒಂದೊಂದಾಗಿ ಎಲ್ಲ ವಾದ್ಯ ನಿಲ್ಲಿಸಿದ. ಉಳಿದ ಪಿಟೀಲು ಮೆಲ್ಲಗೆ ಮೇಲೇರಿತು, ಎಡವುವಲ್ಲಿ ಎಡವಿತು. ಮಗನ ಹೆಣದ ಮುಂದೆ ಅಳಬೇಕಾದ ಇಂದ್ರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.